ಕಡಲತೀರದ ನೋಟಕ್ಕೆ ಅಂಕ ಕೊಡುವ ಪರಿಪಾಠ ಬೆಳೆದುಬಂದ ಬಗೆ

ತೀರದಲ್ಲಿ ಹೊಸ ಕಟ್ಟಡ ಬರಬೇಕೆ ಬೇಡವೆ ಎಂಬ ಚರ್ಚೆ ಎದ್ದಾಗಲೆಲ್ಲ, ಅಲ್ಲಿನ ನೋಟ ಹಾಳಾಗುತ್ತದೆ ಎನ್ನುವವರಿಗೆ ಸೌಂದರ್ಯ ಅವರವರ ಅಭಿರುಚಿಗೆ ಬಿಟ್ಟದ್ದು ಎಂಬ ಉತ್ತರ ಸಿಗುತ್ತಿತ್ತು. ಈ ಉತ್ತರವನ್ನು ಕಾನೂನು ಪೂರ್ತಿಯಾಗಿ ಒಪ್ಪಿಕೊಂಡಿಲ್ಲ. ಕರಾವಳಿಯ ದೃಶ್ಯಗುಣವು ಸಾರ್ವಜನಿಕ ಮಹತ್ವದ ಸಂಪನ್ಮೂಲವೆಂದು 1976ರ ಕ್ಯಾಲಿಫೋರ್ನಿಯಾ ಕರಾವಳಿ ಕಾಯ್ದೆ ಸ್ಪಷ್ಟವಾಗಿ ಹೇಳಿತು. ಫ್ರಾನ್ಸಿನ 1986ರ ಕಾನೂನು, ಊರು ಬೆಳೆದ ಜಾಗಗಳನ್ನು ಬಿಟ್ಟು ಉಳಿದೆಡೆ ತೀರದಿಂದ 100 ಮೀಟರ್ ಒಳಗೆ ಕಟ್ಟಡ ಕಟ್ಟುವುದನ್ನು ಬಹುಮಟ್ಟಿಗೆ ನಿಷೇಧಿಸಿತು.

ಆದರೆ ಯಾವ ತೀರ ಎಷ್ಟು ಚೆಲುವು ಎಂದು ಹೋಲಿಸಿ ಹೇಳುವ ಅಳತೆಗೋಲು ಬೇಕಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಎರ್ಗಿನ್, ವಿಲಿಯಮ್ಸ್ ಮತ್ತು ಮಿಕಲೆಫ್ ಎಂಬ ಸಂಶೋಧಕರು ರೂಪಿಸಿದ ವಿಧಾನ ಈ ಕೊರತೆಯನ್ನು ಬಹಳಷ್ಟು ತುಂಬಿತು. ಅದರಲ್ಲಿ 26 ಅಂಶಗಳಿವೆ. ಬಂಡೆಯ ಎತ್ತರ, ಮರಳಿನ ಬಣ್ಣ, ನೀರಿನ ತಿಳಿ, ಸಸ್ಯಗಳ ಹೊದಿಕೆ ಮುಂತಾದ 18 ಪ್ರಕೃತಿಗೆ ಸೇರಿದರೆ, ಸದ್ದು, ಕಸ, ಚರಂಡಿ ನೀರಿನ ಕುರುಹು, ದಿಗಂತರೇಖೆಯನ್ನು ಮುರಿಯುವ ಕಟ್ಟಡ ಮುಂತಾದ 8 ಮನುಷ್ಯನಿಗೆ ಸೇರುತ್ತವೆ. ತೀರದಲ್ಲಿ ನಿಂತ ಪರಿಶೀಲಕರು ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕ ಕೊಡುತ್ತಾರೆ. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಜನರ ಅಭಿಪ್ರಾಯ ಸಂಗ್ರಹಿಸಿ ಮೊದಲೇ ಗೊತ್ತುಮಾಡಲಾಗಿದೆ. ಅಂಕ ಕೊಡುವಲ್ಲಿನ ಅನಿಶ್ಚಿತತೆಯನ್ನು ಹೌದು-ಅಲ್ಲಗಳ ನಡುವಿನ ಮಟ್ಟಗಳನ್ನೂ ಲೆಕ್ಕಕ್ಕೆ ಹಿಡಿಯುವ ಫಜಿ ಲಾಜಿಕ್ ಎಂಬ ಗಣಿತದಿಂದ ಸರಿತೂಗಿಸಿ, ತೀರಗಳನ್ನು ಐದು ದರ್ಜೆಗಳಲ್ಲಿ ವಿಂಗಡಿಸುತ್ತಾರೆ. ಬಂಡೆಯ ಎತ್ತರವನ್ನು ಯಾರೂ ಹೆಚ್ಚಿಸಲಾರರು, ಆದರೆ ಕಸ ತೆಗೆಸಿ, ಚರಂಡಿ ನೀರನ್ನು ತಡೆದರೆ ಅದೇ ತೀರ ಮೇಲಿನ ದರ್ಜೆಗೆ ಏರಬಹುದು. ಹೀಗಾಗಿ ಈ ಪಟ್ಟಿ ಆಡಳಿತಕ್ಕೆ ಮಾಡಬೇಕಾದ ಕೆಲಸವನ್ನೂ ತೋರಿಸಿಕೊಡುತ್ತದೆ, ಅದರ ನಿಜವಾದ ಬೆಲೆ ಇರುವುದೂ ಅಲ್ಲಿಯೇ.

ಅಂಕಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಬಲ ಬರುವುದು ಕಾನೂನಿನ ಪದಗಳಿಂದ. ವಿಶಿಷ್ಟ ಭೂದೃಶ್ಯಗಳಿಗೆ ಆಗುವ ಹಾನಿಯನ್ನು 'ತಪ್ಪಿಸಬೇಕು' ಎಂದು ನ್ಯೂಜಿಲೆಂಡಿನ 2010ರ ಕರಾವಳಿ ನೀತಿ ಹೇಳಿತ್ತು. ಸಾಲ್ಮನ್ ಮೀನು ಸಾಕಣೆಯ ಪ್ರಕರಣವೊಂದರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 2014ರಲ್ಲಿ ಆ ಮಾತನ್ನು ಅಕ್ಷರಶಃ ಎತ್ತಿಹಿಡಿದು, ಇತರ ಲಾಭಗಳೊಂದಿಗೆ ತೂಗಿ ಅದನ್ನು ಬದಿಗಿಡಲು ಅವಕಾಶ ಕೊಡಲಿಲ್ಲ. ಬರೀ 'ಪರಿಗಣಿಸಬೇಕು' ಎನ್ನುವ ನಿಯಮಗಳ ಕೆಳಗೆ ಎಷ್ಟೋ ತೀರಗಳು ಸ್ವಲ್ಪಸ್ವಲ್ಪವಾಗಿ ಕಳೆದುಹೋಗುತ್ತವೆ, ಏಕೆಂದರೆ ಒಂದು ಕಟ್ಟಡ, ಒಂದು ತಡೆಗೋಡೆ, ಒಂದು ಸಾಲು ಕಂಬ ಬಿಡಿಬಿಡಿಯಾಗಿ ನೋಡಿದಾಗ ಸಣ್ಣದಾಗಿಯೇ ಕಾಣುತ್ತದೆ. ಸಮುದ್ರದಲ್ಲಿ ಪವನ ವಿದ್ಯುತ್ ಗೋಪುರಗಳು ಹೆಚ್ಚುತ್ತಿರುವ ಈಗ, ಕಟ್ಟಿದ ಮೇಲೆ ನೋಟ ಹೇಗಿರುತ್ತದೆಂದು ತೋರಿಸಲು ಹೊಸ ಅರ್ಜಿಯ ಜೊತೆ ಕೊಡುವ ಚಿತ್ರದಲ್ಲಿ ಹಿಂದೆ ಅನುಮತಿ ಪಡೆದ ಗೋಪುರಗಳನ್ನೂ ಸೇರಿಸಿ ತೋರಿಸುವುದು ಕಡ್ಡಾಯವಾಗಬೇಕು.