ಅಲಾಸ್ಕಾಕ್ಕೆ ಬಂದ ಫೋನ್: ಜೀನ್ ಗ್ರೇ ಬದುಕಿ ಬಂದಾಗ ಯಾರ ಮನೆ ಮುರೀತು?

ಅಮೆರಿಕದ ಮಾರ್ವೆಲ್ ಕಂಪನಿಯ 'ಎಕ್ಸ್-ಫ್ಯಾಕ್ಟರ್' ಕಾಮಿಕ್ಸ್‌ನ ಮೊದಲ ಸಂಚಿಕೆಯಲ್ಲಿ ಒಂದು ಫೋನ್ ಬರುತ್ತದೆ. ಅಲಾಸ್ಕಾದಲ್ಲೊಂದು ಮನೆ. ಸೈಕ್ಲಾಪ್ಸ್ ಅಂತ ನಾವು ಕರೆಯುವ ಸ್ಕಾಟ್ ಸಮ್ಮರ್ಸ್ ಅಲ್ಲಿ ಹೆಂಡತಿ ಮ್ಯಾಡಲಿನ್ ಮತ್ತು ಹಸುಗೂಸಿನ ಜೊತೆ ಇದ್ದಾನೆ. ಫೋನ್ ಮಾಡಿದ್ದು ಹಳೇ ಗೆಳೆಯ ವಾರನ್. ಸತ್ತುಹೋದಳು ಅಂದುಕೊಂಡಿದ್ದ ಸ್ಕಾಟ್‌ನ ಹಳೇ ಪ್ರೇಯಸಿ ಜೀನ್ ಗ್ರೇ ಬದುಕಿದ್ದಾಳೆ. ಸ್ಕಾಟ್ ಹೊರಟೇಬಿಡುತ್ತಾನೆ. ಈಗ ಹೋದರೆ ವಾಪಸ್ ಬರಬೇಡ ಅಂತ ಹೆಂಡತಿ ಹೇಳಿದರೂ ನಿಲ್ಲುವುದಿಲ್ಲ.

ಆ ಪುಟ ಓದಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಒಳ್ಳೆಯವನಾಗಿಯೇ ಇದ್ದ ಒಬ್ಬ ನಾಯಕ ಕೆಲವೇ ಪುಟಗಳಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಹೋದವನಾದ. ಅದಕ್ಕೆ ಕಾರಣ ಕಥೆಯೊಳಗೆ ಹುಡುಕಿದರೆ ಸಿಗಲ್ಲ. ನ್ಯೂಯಾರ್ಕಿನ ಮಾರ್ವೆಲ್ ಕಚೇರಿಯಲ್ಲಿ ಹುಡುಕಬೇಕು.

ಮೊದಲು ಒಂದು ಮಾತು. ನಮಗೆ ಒಂದೇ ಕಥೆಯನ್ನು ಹತ್ತು ಥರ ಕೇಳಿ ಅಭ್ಯಾಸ ಇದೆ. ಪಂಪನ ಅರ್ಜುನ ಬೇರೆ, ಕುಮಾರವ್ಯಾಸನ ಅರ್ಜುನ ಬೇರೆ. ಯಾವುದು ಅಸಲಿ ಅಂತ ಯಾರೂ ಜಗಳ ಆಡಲ್ಲ. ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ಹಾಗಲ್ಲ. ಪಾತ್ರಗಳು ಕಂಪನಿಯ ಆಸ್ತಿ. ಬರೆಯುವವರು ಬದಲಾಗುತ್ತಲೇ ಇರುತ್ತಾರೆ, ಆದರೆ 1963ರಲ್ಲಿ ಬಂದ ಸಂಚಿಕೆಯೂ ಈ ತಿಂಗಳ ಸಂಚಿಕೆಯೂ ಒಂದೇ ಬದುಕಿನ ಭಾಗ ಅಂತ ಓದುಗರಿಗೆ ಮಾತು ಕೊಟ್ಟಾಗಿದೆ. ಅದನ್ನೇ ಕಂಟಿನ್ಯುಯಿಟಿ ಅನ್ನುವುದು. ಅದನ್ನು ಕಾಯುವ ಕೆಲಸ ಸಂಪಾದಕರದ್ದು.

ಶುರುವಿನಲ್ಲಿ ಈ ಕಾವಲು ಸಡಿಲವಾಗಿಯೇ ಇತ್ತು. ಮಾರ್ವೆಲ್‌ನಲ್ಲಿ ಸ್ಟಾನ್ ಲೀ ತಾನೇ ಬರೆದು ತಾನೇ ಸಂಪಾದಿಸುತ್ತಿದ್ದ. ಒಮ್ಮೆ ಹಲ್ಕ್‌ನ ಹೆಸರು ಬ್ರೂಸ್ ಬ್ಯಾನರ್ ಎನ್ನುವುದನ್ನು ಮರೆತು ಬಾಬ್ ಬ್ಯಾನರ್ ಅಂತ ಬರೆದುಬಿಟ್ಟ. ಓದುಗರು ಪತ್ರ ಬರೆದು ಹಿಡಿದುಹಾಕಿದರು. ಅವನ ಪೂರ್ತಿ ಹೆಸರು ರಾಬರ್ಟ್ ಬ್ರೂಸ್ ಬ್ಯಾನರ್ ಅಂತ 1964ರಲ್ಲಿ ಲೀ ತೇಪೆ ಹಾಕಿದ. ಯಾರಿಗೂ ನೋವಾಗಲಿಲ್ಲ, ಹೆಸರು ಇವತ್ತಿಗೂ ಹಾಗೇ ಉಳಿದಿದೆ. ಹಳೆಯದನ್ನು ಹೀಗೆ ಹಿಂದಕ್ಕೆ ಹೋಗಿ ತಿದ್ದುವುದಕ್ಕೆ ಆಮೇಲೆ ರೆಟ್‌ಕಾನ್ ಎಂಬ ಹೆಸರು ಬಂತು. ಆ ಪದದ ಮೂಲರೂಪ 1983ರಲ್ಲಿ ಬರಹಗಾರ ರಾಯ್ ಥಾಮಸ್ ನೋಡಿಕೊಳ್ಳುತ್ತಿದ್ದ, ಮಾರ್ವೆಲ್‌ನ ಎದುರಾಳಿ ಡಿಸಿ ಕಂಪನಿಯ ಕಾಮಿಕ್ಸ್ ಒಂದರ ಓದುಗರ ಪತ್ರಗಳ ಪುಟದಲ್ಲಿ ಕಾಣಿಸಿಕೊಂಡಿತ್ತು.

ಈಗ ಜೀನ್ ಗ್ರೇ ವಿಷಯಕ್ಕೆ ಬರೋಣ. 'ಎಕ್ಸ್-ಮೆನ್' ಅಂದರೆ ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುವ 'ಮ್ಯುಟೆಂಟ್'ಗಳ ತಂಡದ ಕಥೆ, ಸ್ಕಾಟ್ ಕೂಡ ಅದೇ ತಂಡದವನು. 1963ರ ಅದರ ಮೊದಲ ಸಂಚಿಕೆಯಿಂದಲೂ ಇದ್ದ ಹುಡುಗಿ ಇವಳು. 1976ರಲ್ಲಿ, ಬರಹಗಾರ ಕ್ರಿಸ್ ಕ್ಲೇರ್‌ಮಾಂಟ್ ಕೈಯಲ್ಲಿ, ಬಾಹ್ಯಾಕಾಶ ನೌಕೆ ನ್ಯೂಯಾರ್ಕಿನ ಜಮೈಕಾ ಬೇ ನೀರಿಗೆ ಬಿದ್ದ ಮೇಲೆ ಫೀನಿಕ್ಸ್ ಎಂಬ ಹೊಸ ಹೆಸರಿನಲ್ಲಿ, ಅಪಾರ ಶಕ್ತಿಯವಳಾಗಿ ಎದ್ದುಬಂದಳು. 1980ರ ಹೊತ್ತಿಗೆ ಆ ಶಕ್ತಿ ಅವಳ ಕೈಮೀರಿತು. 135ನೇ ಸಂಚಿಕೆಯಲ್ಲಿ ಹಸಿವು ತೀರಿಸಿಕೊಳ್ಳಲು ಒಂದು ನಕ್ಷತ್ರವನ್ನೇ ನುಂಗುತ್ತಾಳೆ. ಆ ನಕ್ಷತ್ರವನ್ನು ಸುತ್ತುತ್ತಿದ್ದ ಗ್ರಹದಲ್ಲಿ ಜನ ಇದ್ದರು. ಚಿತ್ರಕಾರ ಜಾನ್ ಬರ್ನ್ ಅವರನ್ನು ಕೆಲವೇ ಚೌಕಗಳಲ್ಲಿ ತೋರಿಸಿದ್ದಾನೆ. ಉದ್ದನೆಯ ಹಸಿರು ತಲೆಯವರು, ತಮ್ಮ ಪಾಡಿಗೆ ತಾವು ಬದುಕುತ್ತಿದ್ದವರು. ಒಟ್ಟು 500 ಕೋಟಿ ಜೀವ. ಮುಂದಿನ ಕ್ಷಣ ಯಾರೂ ಇಲ್ಲ.

ಮುಂದಿನ ಎಲ್ಲಕ್ಕೂ ಬೀಜ ಆ ಕೆಲವು ಚೌಕಗಳೇ.

ಕ್ಲೇರ್‌ಮಾಂಟ್ ಮತ್ತು ಬರ್ನ್ 137ನೇ ಸಂಚಿಕೆಯಲ್ಲಿ ಕಥೆಯನ್ನು ಬೇರೆ ಥರ ಮುಗಿಸಿದ್ದರು. ಜೀನ್‌ಳ ಶಕ್ತಿಯನ್ನು ಕಿತ್ತುಹಾಕುತ್ತಾರೆ, ಅವಳು ಸ್ಕಾಟ್ ಜೊತೆ ಮನೆಗೆ ಮರಳುತ್ತಾಳೆ. ಪುಟಗಳನ್ನು ಬರೆದೂ ಆಗಿತ್ತು. ಆಗ ಮಾರ್ವೆಲ್‌ನ ಪ್ರಧಾನ ಸಂಪಾದಕನಾಗಿದ್ದ ಜಿಮ್ ಶೂಟರ್ ಒಪ್ಪಲಿಲ್ಲ. ಇಷ್ಟು ಜನರನ್ನು ಕೊಂದವಳು ಸುಮ್ನೆ ಮನೆಗೆ ಹೋಗುವುದು ಹೇಗೆ, ಶಿಕ್ಷೆ ಆಗಲೇಬೇಕು ಅಂತ ಹಟ ಹಿಡಿದ. ಜೈಲಿಗೆ ಹಾಕಿದರೆ ಗೆಳೆಯರು ಬಿಡಿಸಿಕೊಂಡು ಬರಲು ಹೋಗುತ್ತಲೇ ಇರುತ್ತಾರೆ, ಕಥೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಸಾವು ಅಂತ ತೀರ್ಮಾನವಾಯಿತು. ಕೊನೆಯ ಪುಟಗಳನ್ನು ಮತ್ತೆ ಬರೆದರು. ಚಂದ್ರನ ಮೇಲೆ, ಸ್ಕಾಟ್ ಕಣ್ಣೆದುರೇ, ಜೀನ್ ತನ್ನನ್ನು ತಾನೇ ಮುಗಿಸಿಕೊಳ್ಳುತ್ತಾಳೆ. ಕೈಬಿಟ್ಟ ಮೊದಲಿನ ಅಂತ್ಯವನ್ನು ಮಾರ್ವೆಲ್ 1984ರಲ್ಲಿ ಬೇರೆ ಪುಸ್ತಕವಾಗಿಯೇ ತಂದಿತು. ಎರಡನ್ನೂ ಓದಿ ಹೇಳುತ್ತೇನೆ, ಶೂಟರ್ ಹೇಳಿದ್ದೇ ಸರಿ. ಕಂಟಿನ್ಯುಯಿಟಿ ಕಾಯುವುದು ಅಂದರೆ ಹೆಸರು, ತಾರೀಖು ಸರಿಯಿದೆಯಾ ಅಂತ ನೋಡುವುದಷ್ಟೇ ಆಗಬಾರದು, ಎರಡು ಸಂಚಿಕೆ ಹಿಂದೆ ಸತ್ತ ಜನರನ್ನೂ ನೆನಪಿಡಬೇಕು. ಆವತ್ತು ಕಚೇರಿಯಲ್ಲಿ ಅವರನ್ನು ನೆನಪಿಟ್ಟಿದ್ದು ಶೂಟರ್.

ಸಾವು ಸಾವಾಗಿಯೇ ಉಳಿಯಿತು. ಕ್ಲೇರ್‌ಮಾಂಟ್ ಅದರ ಮೇಲೆಯೇ ಮುಂದಿನ ಕಥೆ ಕಟ್ಟಿದ. 1983ರಲ್ಲಿ ಅಲಾಸ್ಕಾದಲ್ಲಿ ವಿಮಾನ ಓಡಿಸುವ ಮ್ಯಾಡಲಿನ್ ಪ್ರಯರ್ ಬಂದಳು. ನೋಡಲು ಥೇಟ್ ಜೀನ್. ಜೀನ್ ಸತ್ತ ದಿನವೇ ಒಂದು ವಿಮಾನ ಅಪಘಾತದಲ್ಲಿ ಇವಳೊಬ್ಬಳೇ ಬದುಕಿ ಉಳಿದವಳು. ಇವಳೇ ಜೀನ್ ಇರಬಹುದಾ ಅಂತ ಸ್ಕಾಟ್‌ಗೂ ಅನುಮಾನ, ಓದುಗರಿಗೂ ಅನುಮಾನ. ಅಲ್ಲ, ಇವಳು ಬೇರೆಯೇ ಹೆಣ್ಣು ಅಂತ ಗೊತ್ತಾದ ಮೇಲೆ 175ನೇ ಸಂಚಿಕೆಯಲ್ಲಿ ಮದುವೆ. ಒಬ್ಬರು ಸತ್ತ ಮೇಲೂ ಉಳಿದವರಿಗೆ ಇನ್ನೊಂದು ಬದುಕು ಇರುತ್ತದೆ ಅಂತ ಹೇಳುವ ಕಥೆ ಅದು, ಅಲ್ವಾ? 1986ರ ಜನವರಿ ತಾರೀಖಿನ 201ನೇ ಸಂಚಿಕೆಯಲ್ಲಿ ಮಗು ನೇಥನ್ ಹುಟ್ಟಿಯಾಗಿದೆ. ತಂಡದ ನಾಯಕತ್ವ ಜೊತೆಗಾರ್ತಿ ಸ್ಟಾರ್ಮ್ ಪಾಲಾಯಿತು, ಸ್ಕಾಟ್ ಸಂಸಾರದ ಕಡೆ ಹೊರಟ. ಮುಂದಿನ ತಿಂಗಳ ತಾರೀಖಿನಲ್ಲೇ 'ಎಕ್ಸ್-ಫ್ಯಾಕ್ಟರ್' ಮೊದಲ ಸಂಚಿಕೆ ಬಂತು.

ಎಕ್ಸ್-ಮೆನ್ ಆಗ ಭರ್ಜರಿಯಾಗಿ ಮಾರಾಟವಾಗುತ್ತಿತ್ತು. 1963ರ ಮೊದಲ ಐದು ಜನರನ್ನೇ ಮತ್ತೆ ಸೇರಿಸಿ ಇನ್ನೊಂದು ಪತ್ರಿಕೆ ತಂದರೆ ಅದೂ ಮಾರಾಟವಾಗುತ್ತದೆ ಎಂಬ ಲೆಕ್ಕ. ಐವರಲ್ಲಿ ಒಬ್ಬಳು ಸತ್ತಿದ್ದಳು. ಜೀನ್ ವಾಪಸ್ ಬರಬೇಕಾದರೆ ಆ 500 ಕೋಟಿ ಸಾವಿನ ಪಾಪ ಅವಳಿಗೆ ತಟ್ಟಿರಬಾರದು, ಇದು ಶೂಟರ್ ಹಾಕಿದ್ದ ಷರತ್ತು. ದಾರಿ ಸಿಕ್ಕಿದ್ದು ಒಬ್ಬ ಅಭಿಮಾನಿಯಿಂದ. ಮುಂದೆ ದೊಡ್ಡ ಬರಹಗಾರನಾದ ಕರ್ಟ್ ಬ್ಯುಸಿಕ್ ಇನ್ನೂ ಬರೀ ಓದುಗನಾಗಿದ್ದಾಗ ಒಂದು ಉಪಾಯ ಹೊಳೆದಿತ್ತು. ಫೀನಿಕ್ಸ್ ಆಗಿ ಎದ್ದವಳು ಜೀನ್ ಅಲ್ಲವೇ ಅಲ್ಲ, ಅವಳ ರೂಪ ಮತ್ತು ನೆನಪು ತೆಗೆದುಕೊಂಡ ಬೇರೊಂದು ಶಕ್ತಿ. ಅಸಲಿ ಜೀನ್ ಅಷ್ಟೂ ವರ್ಷ ಜಮೈಕಾ ಬೇ ತಳದಲ್ಲಿ ಒಂದು ಗೂಡಿನೊಳಗೆ ಮಲಗಿದ್ದಳು. ಈ ಉಪಾಯ ಮಾರ್ವೆಲ್ ಬರಹಗಾರ ರೋಜರ್ ಸ್ಟರ್ನ್‌ಗೆ ತಲುಪಿತು, ಸ್ಟರ್ನ್‌ನಿಂದ ಬರ್ನ್‌ಗೆ. ಸ್ಟರ್ನ್ ಬರೆಯುತ್ತಿದ್ದ 'ಅವೆಂಜರ್ಸ್' 263ರಲ್ಲಿ ಗೂಡು ಸಿಕ್ಕಿತು, ಬರ್ನ್‌ನ 'ಫೆಂಟಾಸ್ಟಿಕ್ ಫೋರ್' 286ರಲ್ಲಿ ಜೀನ್ ಕಣ್ಣು ಬಿಟ್ಟಳು. ಆ ಸಂಚಿಕೆಯ ಪುಟಗಳನ್ನು ಕಚೇರಿಯಲ್ಲಿ ಬದಲಾಯಿಸಿದ್ದಕ್ಕೆ ಬರ್ನ್ ತನ್ನ ಹೆಸರನ್ನೇ ಹಾಕಿಸಲಿಲ್ಲ. ಹೆಸರಿನ ಜಾಗದಲ್ಲಿ 'ಯಾರು ಅಂತ ನಿಮಗೇ ಗೊತ್ತು' ಎಂಬರ್ಥದ ಮಾತು ಅಚ್ಚಾಯಿತು.

ಉಪಾಯ ಜಾಣತನದ್ದೇ. ಜೀನ್ ಮೇಲಿನ ಪಾಪ ಹೋಯಿತು. ಜೊತೆಗೆ ಚಂದ್ರನ ಮೇಲೆ ಅವಳು ತೋರಿದ ಧೈರ್ಯವೂ ಹೋಯಿತು, ಯಾಕೆಂದರೆ ಅಲ್ಲಿ ಸತ್ತವಳು ಅವಳಲ್ಲ. ಇನ್ನು ಅಲಾಸ್ಕಾದ ಮನೆ? ಈ ತಿದ್ದುಪಡಿ ಕ್ಲೇರ್‌ಮಾಂಟ್‌ಗೆ ಬೇಡವಾಗಿತ್ತು. ಆದರೆ ಹೊಸ ಪತ್ರಿಕೆ ಅವನದಲ್ಲ. ಬರೆಯುತ್ತಿದ್ದದ್ದು ಬಾಬ್ ಲೇಟನ್, ಸಂಪಾದಕರೂ ಬೇರೆ. ಒಂದು ಮೇಜಿನಲ್ಲಿ ಸ್ಕಾಟ್‌ಗೆ ಸಂಸಾರ ಕಟ್ಟಿಕೊಡುತ್ತಿದ್ದಾಗ ಇನ್ನೊಂದು ಮೇಜಿನಲ್ಲಿ ಅವನು ಸಂಸಾರ ಬಿಡಬೇಕಾಗಿತ್ತು. ಎರಡರ ನಡುವೆ ನಿಂತು, ಮ್ಯಾಡಲಿನ್ ಗತಿ ಏನು ಅಂತ ಕೇಳುವುದು ಸಂಪಾದಕರ ಕೆಲಸ. 1980ರಲ್ಲಿ ಹೆಸರಿಲ್ಲದ 500 ಕೋಟಿ ಜನರಿಗಾಗಿ ಹಟ ಹಿಡಿದ ಅದೇ ಕಚೇರಿ, 1986ರಲ್ಲಿ ಹೆಸರಿದ್ದ ಒಬ್ಬ ಹೆಂಗಸಿಗಾಗಿ ಹಟ ಹಿಡಿಯಲಿಲ್ಲ. ನನಗೆ ಇವತ್ತಿಗೂ ಬೇಜಾರಾಗುವುದು ಇದಕ್ಕೇ.

ಅದೇ ಹೊತ್ತಿನಲ್ಲಿ ಡಿಸಿ ಕಂಪನಿ 12 ಸಂಚಿಕೆಗಳ ಒಂದು ಮಾಲಿಕೆಯಲ್ಲಿ ತನ್ನ ಇಡೀ ಲೋಕವನ್ನೇ ಕೆಡವಿ ಹೊಸದಾಗಿ ಕಟ್ಟಿತು. ಅದು ದೊಡ್ಡ ಕಥೆ, ಇಲ್ಲಿ ಬೇಡ. ಮಾರ್ವೆಲ್ ಹಾಗೆ ಕೆಡವಲಿಲ್ಲ. ಬದಲಿಗೆ ತಪ್ಪನ್ನು ಮುಚ್ಚಲು ಇನ್ನೊಂದು ರೆಟ್‌ಕಾನ್, ಅದನ್ನು ಮುಚ್ಚಲು ಮತ್ತೊಂದು. ಸ್ಕಾಟ್ ಮತ್ತೆ ಒಳ್ಳೆಯವನಾಗಿ ಕಾಣಬೇಕಾದರೆ ಮ್ಯಾಡಲಿನ್ ಕೆಟ್ಟವಳಾಗಬೇಕಿತ್ತು. 1989ರ ಹೊತ್ತಿಗೆ 'ಇನ್ಫರ್ನೋ' ಕಥೆಯಲ್ಲಿ ಅವಳು ಮಿಸ್ಟರ್ ಸಿನಿಸ್ಟರ್ ಎಂಬ ಖಳ ತಯಾರಿಸಿದ ಜೀನ್‌ಳ ಕ್ಲೋನ್ ಅಂತಾಯಿತು. ಭೂತಪಿಶಾಚಿಗಳ ಜೊತೆ ಸೇರಿ, ಸ್ವಂತ ಮಗುವನ್ನೇ ಬಲಿ ಕೊಡಲು ಹೊರಟು, ಸತ್ತಳು. ಅವಳ ಸಿಟ್ಟಿಗೆ ನ್ಯಾಯವಾದ ಕಾರಣ ಇತ್ತು ಅಂತ ಆ ಕಥೆಯಲ್ಲೇ ಕಾಣುತ್ತದೆ, ಅದನ್ನು ಬರೆದ ಕ್ಲೇರ್‌ಮಾಂಟ್ ಮತ್ತು ಲೂಯಿಸ್ ಸೈಮನ್ಸನ್ ಅದನ್ನು ಪೂರ್ತಿ ಮರೆಸಲಿಲ್ಲ. ಆದರೂ ಗಂಡ ಬಿಟ್ಟುಹೋದ ಹೆಂಗಸನ್ನು ರಾಕ್ಷಸಿ ಮಾಡಿ ಲೆಕ್ಕ ಚುಕ್ತಾ ಮಾಡಿದ ಹಾಗಾಯಿತು. ಮಗು ನೇಥನ್‌ನನ್ನು 1991ರಲ್ಲಿ ಭವಿಷ್ಯಕಾಲಕ್ಕೆ ಕಳಿಸಿದರು. ಸಿನಿಮಾದಲ್ಲಿ ಡೆಡ್‌ಪೂಲ್ ಜೊತೆ ನೀವು ನೋಡಿರುವ ಕೇಬಲ್, ಕಾಮಿಕ್ಸ್‌ನಲ್ಲಿ ಇದೇ ಮಗು ದೊಡ್ಡವನಾಗಿ ಬಂದಿದ್ದು. ಸ್ಕಾಟ್ ಮತ್ತು ಜೀನ್ ಮದುವೆ 1994ರಲ್ಲಿ ಆಯಿತು. ಅದೇ ವರ್ಷದ ಇನ್ನೊಂದು ಮಾಲಿಕೆಯಲ್ಲಿ ಅವರಿಬ್ಬರ ಮನಸ್ಸು ಭವಿಷ್ಯಕ್ಕೆ ಹೋಗಿ, ಅಲ್ಲಿ ನೇಥನ್‌ನನ್ನು ಸಾಕಿತು. ಹೆತ್ತವಳಿಗೆ ಸಿಗದ ಬಾಲ್ಯ ಜೀನ್ ಪಾಲಿಗೆ ಸಿಕ್ಕಿತು.

ಆಮೇಲೆ ಜೀನ್ ಇನ್ನೊಮ್ಮೆ ಸತ್ತಳು, ಇನ್ನೊಮ್ಮೆ ಬಂದಳು. ಮ್ಯಾಡಲಿನ್ ಕೂಡ ಆಗಾಗ ಬಂದಳು, ಹೆಚ್ಚಾಗಿ ಕೇಡಿಯಾಗಿಯೇ. 2020ರಲ್ಲಿ, ಸತ್ತ ಮ್ಯುಟೆಂಟ್‌ಗಳನ್ನೆಲ್ಲ ಮತ್ತೆ ಬದುಕಿಸುವ ಕಾಲದಲ್ಲಿ, ಇವಳು ಬರೀ ಕ್ಲೋನ್ ಅಂತ ಹೇಳಿ ಮೊದಲು ಬದುಕಿಸಲು ಒಪ್ಪಲಿಲ್ಲ. ಆ ಕಥೆ ಬರೆದವರಿಗೆ ಹಳೇ ಗಾಯ ಎಲ್ಲಿದೆ ಅಂತ ಚೆನ್ನಾಗಿ ಗೊತ್ತಿತ್ತು. ಮುಂದೆ 'ಡಾರ್ಕ್ ವೆಬ್' ಕಥೆಯಲ್ಲಿ ಮ್ಯಾಡಲಿನ್ ನ್ಯೂಯಾರ್ಕಿನ ಮೇಲೆಯೇ ದಂಡೆತ್ತಿ ಬರುತ್ತಾಳೆ. ಅವಳಿಗೆ ಬೇಕಾಗಿದ್ದು ಜೀನ್ ಹತ್ತಿರ ಇದ್ದ ನೇಥನ್‌ನ ಬಾಲ್ಯದ ನೆನಪುಗಳು. ಜೀನ್ ಅವುಗಳನ್ನು ಅವಳಿಗೆ ಕೊಡುತ್ತಾಳೆ. ಫೋನ್ ಬಂದ ಆ ಸಂಚಿಕೆ ಅಚ್ಚಾಗಿ ಅಷ್ಟೊತ್ತಿಗೆ ಸುಮಾರು 37 ವರ್ಷ ಆಗಿತ್ತು.