ವಾಯವ್ಯಕ್ಕೆ ಮುಖ ಮಾಡಿದ ಕಪ್ಪು ಟೋಪಿಯ ಹಕ್ಕಿ

ಜನವರಿ ಮೊದಲ ವಾರ. ಇಂಗ್ಲೆಂಡಿನ ನೈಋತ್ಯ ಭಾಗದ ಒಂದು ಸಣ್ಣ ಊರಿನಲ್ಲಿ ಅಕ್ಕನ ಮನೆಯ ಅಡುಗೆಮನೆ. ಗಂಟೆ ಎಂಟಾದರೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಹಿತ್ತಿಲಿನ ಬೋಳು ಸೇಬಿನ ಮರಕ್ಕೆ ಅಕ್ಕ ತಂತಿಬಲೆಯ ಕೊಳವೆಯೊಂದನ್ನು ತೂಗುಹಾಕಿದ್ದಳು. ಅದರ ತುಂಬ ಸಿಪ್ಪೆ ತೆಗೆದ ಸೂರ್ಯಕಾಂತಿ ಬೀಜ, ಪಕ್ಕದ ಕೊಂಬೆಯಲ್ಲಿ ಕೊಬ್ಬಿನ ಉಂಡೆ. ನೀಲಿ ತಲೆಯ ಟಿಟ್ ಹಕ್ಕಿಗಳು ಬಂದು ಒಂದೊಂದೇ ಬೀಜ ಕಚ್ಚಿಕೊಂಡು ಬೇಲಿಗೆ ಹಾರುತ್ತಿದ್ದವು. ಕೆಳಗೆ ಉದುರಿದ್ದನ್ನು ಒಂದು ರಾಬಿನ್ ಹೆಕ್ಕುತ್ತಿತ್ತು. ಅಷ್ಟರಲ್ಲಿ ಬೂದು ಬಣ್ಣದ ಇನ್ನೊಂದು ಹಕ್ಕಿ ಬಂದು ಕೊಬ್ಬಿನ ಉಂಡೆಯ ಮೇಲೆ ಕುಳಿತು, ಹತ್ತಿರ ಬಂದವರನ್ನೆಲ್ಲ ಕೊಕ್ಕು ಚಾಚಿ ಓಡಿಸತೊಡಗಿತು. ಗುಬ್ಬಚ್ಚಿಗಿಂತಲೂ ಸಪೂರ ಮೈ. ನೆತ್ತಿಯ ಮೇಲೆ ಕಣ್ಣಿನವರೆಗೆ ಎಳೆದು ಕೂರಿಸಿದಂತೆ ಅಚ್ಚ ಕಪ್ಪು ಟೋಪಿ.

ಬ್ಲ್ಯಾಕ್‌ಕ್ಯಾಪ್ ಎಂಬ ಹೆಸರು ಇದಕ್ಕೆ ಬಂದಿರುವುದೇ ಆ ಟೋಪಿಯಿಂದ. ಹೆಣ್ಣಿಗೂ ಮರಿಗಳಿಗೂ ಕೆಂಗಂದು ಟೋಪಿ. ನಮ್ಮ ಪಕ್ಷಿವೀಕ್ಷಕರು ಉಲಿಯಕ್ಕಿಗಳು ಎಂದು ಕರೆಯುವ ಗುಂಪಿನ ಹಕ್ಕಿ ಇದು. ಬೇಸಗೆಯಲ್ಲಿ ಯುರೋಪಿನ ಕಾಡುಗಳಲ್ಲೂ ತೋಟಗಳಲ್ಲೂ ಕೊಳಲಿನಂಥ ದನಿಯಲ್ಲಿ ಹಾಡುತ್ತ ಹುಳು ಹುಪ್ಪಟೆ ತಿಂದು ಮರಿ ಮಾಡುತ್ತದೆ. ಶರತ್ಕಾಲದಲ್ಲಿ ಹಣ್ಣು ತಿಂದು ಮೈಗೆ ಕೊಬ್ಬು ಕೂಡಿಸಿಕೊಂಡು ದಕ್ಷಿಣಕ್ಕೆ ಹೊರಡುತ್ತದೆ. ಹುಳು ಹಿಡಿಯಲೆಂದೇ ರೂಪುಗೊಂಡ ತೆಳು ಕೊಕ್ಕಿನ ಹಕ್ಕಿಗೆ ಉತ್ತರದ ಚಳಿಗಾಲದಲ್ಲಿ ಜಾಗವಿಲ್ಲ. ಅಂಥ ಹಕ್ಕಿ ಜನವರಿಯ ಬೆಳಗಿನಲ್ಲಿ ಇಂಗ್ಲೆಂಡಿನ ಹಿತ್ತಿಲೊಂದರಲ್ಲಿ ಕುಳಿತು ಕೊಬ್ಬು ಕುಕ್ಕುತ್ತಿದೆಯೆಂದರೆ, ಅದರ ಹಿಂದೆ ಏನೋ ನಡೆದಿರಲೇಬೇಕು.

ಬ್ರಿಟನ್ನಿನಲ್ಲಿ ಚಳಿಗಾಲದ ಬ್ಲ್ಯಾಕ್‌ಕ್ಯಾಪ್‌ಗಳು ಮೊದಲು ಬಲು ಅಪರೂಪ. 1960ರ ದಶಕದಿಂದ ಅವುಗಳ ಸಂಖ್ಯೆ ಏರುತ್ತ ಬಂತು. ಬೇಸಗೆಯಲ್ಲಿ ಅಲ್ಲೇ ಮರಿ ಮಾಡಿದ ಹಕ್ಕಿಗಳು ಹೋಗದೆ ಉಳಿದುಕೊಂಡಿರಬೇಕು ಎಂಬುದು ಯಾರಿಗಾದರೂ ಮೊದಲು ತೋಚುವ ಊಹೆ. ಹಕ್ಕಿಯ ಗುರುತು ಹಿಡಿಯಲೆಂದು ಸಂಶೋಧಕರು ಅದರ ಕಾಲಿಗೆ ತೊಡಿಸುವ ಪುಟ್ಟ ಲೋಹದ ಉಂಗುರಗಳು ಬೇರೆಯದೇ ಕಥೆ ಹೇಳಿದವು. ಬ್ರಿಟನ್ನಿನ ಬೇಸಗೆಯ ಹಕ್ಕಿಗಳು ಎಂದಿನಂತೆ ದಕ್ಷಿಣಕ್ಕೆ ಹೋಗುತ್ತಿದ್ದವು. ಚಳಿಗಾಲದಲ್ಲಿ ಕಾಣಿಸುತ್ತಿದ್ದವು ಜರ್ಮನಿ, ಆಸ್ಟ್ರಿಯಾಗಳ ಕಡೆಯಿಂದ ಬಂದವು. ಚಳಿ ಶುರುವಾಗುವ ಹೊತ್ತಿಗೆ ಸ್ಪೇನಿನ ಆಲಿವ್ ತೋಪುಗಳತ್ತ ಹಾರಬೇಕಿದ್ದ ಹಕ್ಕಿಗಳು ವಾಯವ್ಯಕ್ಕೆ ತಿರುಗಿ, ಸಮುದ್ರ ದಾಟಿ, ಇನ್ನೂ ಉತ್ತರದ ಒಂದು ದ್ವೀಪಕ್ಕೆ ಬಂದಿಳಿಯುತ್ತಿದ್ದವು.

ಹಕ್ಕಿಗೆ ದಿಕ್ಕು ಗೊತ್ತಾಗುವುದು ಹೇಗೆ? ಈ ಪ್ರಶ್ನೆಗೆ ಅರ್ಧ ಆಯುಷ್ಯ ಕೊಟ್ಟವರು ಜರ್ಮನಿಯ ಪೀಟರ್ ಬೆರ್ಥೋಲ್ಡ್. ಕಾನ್‌ಸ್ಟಾನ್ಸ್ ಸರೋವರದ ಬಳಿಯ ರಾಡಾಲ್ಫ್‌ಟ್ಸೆಲ್‌ನ ಪಕ್ಷಿ ಸಂಶೋಧನಾ ಕೇಂದ್ರದಲ್ಲಿ ಅವರೂ ಅವರ ಸಂಗಡಿಗರೂ ಬ್ಲ್ಯಾಕ್‌ಕ್ಯಾಪ್‌ಗಳನ್ನು ಪಂಜರದಲ್ಲಿ ಸಾಕಿ ಮರಿ ಮಾಡಿಸಿದರು. ಕಾಡುಹಕ್ಕಿಯನ್ನು ಪಂಜರದಲ್ಲಿ ಮರಿ ಮಾಡಿಸುವುದು ಸುಲಭದ ಕೆಲಸವಲ್ಲ. ಅದಕ್ಕೆ ಬೇಕಾದ ತಾಳ್ಮೆಯನ್ನು ನೆನೆದಾಗ ನನಗೆ ಅವರ ಫಲಿತಾಂಶಗಳಿಗಿಂತ ಆ ದಿನನಿತ್ಯದ ದುಡಿಮೆಯೇ ದೊಡ್ಡದೆನಿಸುತ್ತದೆ.

ಅವರ ಮುಖ್ಯ ಸಲಕರಣೆ ಒಂದು ಆಲಿಕೆ. ವಲಸೆಯ ಕಾಲ ಬಂದಾಗ ಪಂಜರದ ಹಕ್ಕಿಯೂ ರಾತ್ರಿ ನಿದ್ದೆ ಬಿಟ್ಟು ರೆಕ್ಕೆ ಬಡಿಯುತ್ತದೆ, ಹೊರಡಬೇಕೆಂದು ಚಡಪಡಿಸುತ್ತದೆ. ಅಂಥ ಹಕ್ಕಿಯನ್ನು ಅಗಲ ಬಾಯಿಯ ಆಲಿಕೆಯೊಳಗೆ ಬಿಟ್ಟು, ಒಳಗೋಡೆಗೆ ಟೈಪ್‌ರೈಟರ್‌ನ ತಪ್ಪು ತಿದ್ದಲು ಬಳಸುತ್ತಿದ್ದ ಬಿಳಿ ಲೇಪದ ಕಾಗದ ಹೊದಿಸುತ್ತಾರೆ. ಹಕ್ಕಿ ತಾನು ಹೋಗಬೇಕೆಂದಿರುವ ದಿಕ್ಕಿಗೆ ಮತ್ತೆ ಮತ್ತೆ ನೆಗೆಯುತ್ತದೆ, ಉಗುರಿನ ಗೀರುಗಳು ಕಾಗದದ ಮೇಲೆ ಮೂಡುತ್ತವೆ. ಬೆಳಗ್ಗೆ ಕಾಗದ ಬಿಚ್ಚಿ ಯಾವ ಕಡೆ ಗೀರು ಹೆಚ್ಚಿದೆ ಎಂದು ಎಣಿಸಿದರೆ ಸಾಕು, ಹಕ್ಕಿಯ ಮನಸ್ಸಿನಲ್ಲಿದ್ದ ದಿಕ್ಕು ಗೊತ್ತಾಗುತ್ತದೆ.

ಯುರೋಪಿನ ಬ್ಲ್ಯಾಕ್‌ಕ್ಯಾಪ್‌ಗಳ ನಡುವೆ ಕಣ್ಣಿಗೆ ಕಾಣದ ಒಂದು ಗಡಿಯಿದೆ. ಅದರ ಪಶ್ಚಿಮದವು ನೈಋತ್ಯಕ್ಕೆ, ಸ್ಪೇನ್ ಮತ್ತು ಉತ್ತರ ಆಫ್ರಿಕಾದ ಕಡೆಗೆ ಹೋಗುತ್ತವೆ. ಪೂರ್ವದವು ಆಗ್ನೇಯಕ್ಕೆ ಹೊರಟು ಮೆಡಿಟರೇನಿಯನ್ ಸಮುದ್ರವನ್ನು ಪೂರ್ವದ ಕಡೆಯಿಂದ ಬಳಸಿಕೊಂಡು ಪೂರ್ವ ಆಫ್ರಿಕಾ ಸೇರುತ್ತವೆ. ಆಂಡ್ರಿಯಾಸ್ ಹೆಲ್ಬಿಗ್ ಎಂಬ ಸಂಶೋಧಕರು ಈ ಎರಡೂ ಬಗೆಯವನ್ನು ಜೋಡಿ ಮಾಡಿ, ಹುಟ್ಟಿದ ಮರಿಗಳನ್ನು ಆಲಿಕೆಯಲ್ಲಿ ಪರೀಕ್ಷಿಸಿದರು. ಮರಿಗಳ ಗೀರುಗಳು ತಾಯಿಯ ದಿಕ್ಕಿಗೂ ಇರಲಿಲ್ಲ, ತಂದೆಯ ದಿಕ್ಕಿಗೂ ಇರಲಿಲ್ಲ. ಎರಡರ ನಡುವೆ, ನೇರ ದಕ್ಷಿಣಕ್ಕೆ ಇದ್ದವು. ಆ ದಾರಿಯಲ್ಲಿ ಸಿಗುವುದು ಆಲ್ಪ್ಸ್ ಪರ್ವತ, ಅದರಾಚೆ ಸಮುದ್ರದ ಅತಿ ಅಗಲವಾದ ಭಾಗ, ಅದರಾಚೆ ಸಹಾರಾ. ಅಂದರೆ ದಿಕ್ಕು ಕಲಿಕೆಯಿಂದ ಬಂದದ್ದಲ್ಲ. ಕಣ್ಣಿನ ಬಣ್ಣದ ಹಾಗೆ, ರೆಕ್ಕೆಯ ಉದ್ದದ ಹಾಗೆ, ಅದು ಹೆತ್ತವರಿಂದ ರಕ್ತದಲ್ಲಿ ಇಳಿದು ಬರುತ್ತದೆ. ಈ ಹಕ್ಕಿಗಳು ವಲಸೆ ಹೋಗುವುದು ರಾತ್ರಿ, ಮೊದಲ ವರ್ಷದ ಮರಿಗಳಿಗೆ ದಾರಿ ತೋರಿಸಲು ತಂದೆತಾಯಿ ಜೊತೆಗಿರುವುದಿಲ್ಲ. ನವೆಂಬರ್‌ನಲ್ಲಿ ಬೆಂಗಳೂರಿನ ಬೇಲಿಗಿಡಗಳೊಳಗಿಂದ ಟಕ್ ಟಕ್ ಎನ್ನುವ ಜೊಂಡು ಉಲಿಯಕ್ಕಿ ಮಧ್ಯ ಏಷ್ಯಾದಿಂದ ಬಂದದ್ದು. ಅದನ್ನು ಕೇಳಿದಾಗಲೆಲ್ಲ ನನಗೆ ಹೆಲ್ಬಿಗ್‌ರ ಆ ಮರಿಗಳು ನೆನಪಾಗುತ್ತವೆ.

ಇನ್ನು ಬ್ರಿಟನ್ನಿನ ಒಗಟು. ವೆಸ್ಟನ್-ಸೂಪರ್-ಮೇರ್ ಎಂಬುದು ಸಾಮರ್‌ಸೆಟ್‌ನ ಕಡಲತೀರದ ಊರು, ಅಕ್ಕನ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಅಲ್ಲಿ ಚಳಿಗಾಲ ಕಳೆಯುತ್ತಿದ್ದ ಸುಮಾರು 40 ಬ್ಲ್ಯಾಕ್‌ಕ್ಯಾಪ್‌ಗಳನ್ನು ಹಿಡಿದು ರಾಡಾಲ್ಫ್‌ಟ್ಸೆಲ್‌ಗೆ ಒಯ್ದು, ಅಲ್ಲಿ ಮರಿ ಮಾಡಿಸಿದರು. ಆ ಮರಿಗಳು ಬ್ರಿಟನ್ನನ್ನು ಕಂಡವೇ ಅಲ್ಲ, ಹುಟ್ಟಿದ್ದೂ ಬೆಳೆದದ್ದೂ ಜರ್ಮನಿಯ ಪಂಜರದಲ್ಲಿ. ಶರತ್ಕಾಲ ಬಂದಾಗ ಆಲಿಕೆಯ ಕಾಗದದ ಮೇಲೆ ಅವು ಗೀರಿದ್ದು ಪಶ್ಚಿಮ ವಾಯವ್ಯಕ್ಕೆ, ಬ್ರಿಟನ್ನಿನ ಕಡೆಗೆ. ಅದೇ ಜರ್ಮನಿಯ ಇತರ ಬ್ಲ್ಯಾಕ್‌ಕ್ಯಾಪ್ ಮರಿಗಳು ಎಂದಿನಂತೆ ನೈಋತ್ಯಕ್ಕೆ ಗೀರಿದವು. 1992ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಕೆಲವೇ ದಶಕಗಳಲ್ಲಿ ಒಂದು ಕಾಡುಹಕ್ಕಿಯ ಹುಟ್ಟುಗುಣ ಬದಲಾಗಿತ್ತು.

ಇದನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ. ಎಲ್ಲ ಪೀಳಿಗೆಯಲ್ಲೂ ದಿಕ್ಕಿನ ಸೂಚನೆ ಸ್ವಲ್ಪ ತಿರುವುಮುರುವಾದ ಕೆಲವು ಹಕ್ಕಿಗಳು ಹುಟ್ಟುತ್ತವೆ. ಹಿಂದೆ ವಾಯವ್ಯಕ್ಕೆ ಹಾರಿದವು ಹಿಮದಲ್ಲಿ ಹಸಿದು ಸಾಯುತ್ತಿದ್ದವು, ಅವುಗಳ ಜೊತೆಗೇ ಆ ದಿಕ್ಕೂ ಅಳಿಯುತ್ತಿತ್ತು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಬ್ರಿಟನ್ನಿನ ಚಳಿ ಕೊಂಚ ಸಡಿಲಾಯಿತು. ಜೊತೆಗೆ ಊರೂರಿನ ಹಿತ್ತಿಲುಗಳಲ್ಲಿ ಜನ ಕಾಳು, ಕೊಬ್ಬು, ಹಣ್ಣು ತೂಗುಹಾಕತೊಡಗಿದರು. ದಾರಿ ತಪ್ಪಿ ಬಂದ ಹಕ್ಕಿ ಬದುಕಿ ಉಳಿಯಿತು, ವಸಂತದಲ್ಲಿ ಮರಳಿ ಹೋಗಿ ಮರಿ ಮಾಡಿತು, ಮರಿಗೂ ಅದೇ ದಿಕ್ಕನ್ನು ಕೊಟ್ಟಿತು. ಬರಿ ಬದುಕಿದ್ದಷ್ಟೇ ಅಲ್ಲ, ಅದಕ್ಕೆ ಲಾಭವೂ ಆಯಿತು. ಸ್ಪೇನಿಗೆ ಹೋಲಿಸಿದರೆ ದಾರಿ ಹಲವು ನೂರು ಕಿಲೋಮೀಟರ್ ಕಡಿಮೆ. ಉತ್ತರಕ್ಕೆ ಹೋದಷ್ಟೂ ಚಳಿಗಾಲದ ಕೊನೆಯಲ್ಲಿ ಹಗಲು ಬೇಗ ಬೇಗ ಉದ್ದವಾಗುತ್ತದೆ, ಹಾಗಾಗಿ ಹೊರಡುವ ಸೂಚನೆಯೂ ಬೇಗ ಸಿಗುತ್ತದೆ. ಮೊದಲು ತಲುಪಿದ ಗಂಡಿಗೆ ಒಳ್ಳೆಯ ಜಾಗ.

ಮೊದಲು ತಲುಪಿದವುಗಳು ತಮ್ಮೊಳಗೇ ಜೋಡಿಯಾಗುತ್ತವೆ ಎಂಬುದನ್ನು 2005ರ ಒಂದು ಅಧ್ಯಯನ ತೋರಿಸಿತು. ಅದು ತೋರಿಸಿದ ಬಗೆ ಬಹಳ ಸೊಗಸಾಗಿದೆ. ಮಳೆನೀರಿನಲ್ಲಿರುವ ಭಾರ ಹೈಡ್ರೋಜನ್‌ನ ಪ್ರಮಾಣ ಒಂದೊಂದು ಪ್ರದೇಶದಲ್ಲಿ ಒಂದೊಂದು ಬಗೆ. ಅದು ಆಹಾರದ ಮೂಲಕ ಹಕ್ಕಿಯ ಉಗುರಿಗೆ ಸೇರುತ್ತದೆ. ವಸಂತದಲ್ಲಿ ಮರಳಿದ ಹಕ್ಕಿಯ ಉಗುರಿನ ಚೂರನ್ನು ಪರೀಕ್ಷಿಸಿದರೆ ಚಳಿಗಾಲವನ್ನು ಅದು ಬ್ರಿಟನ್ನಿನಲ್ಲಿ ಕಳೆಯಿತೋ ಸ್ಪೇನಿನಲ್ಲೋ ಹೇಳಬಹುದು. ಒಂದೇ ಕಾಡಿನಲ್ಲಿ ಗೂಡು ಕಟ್ಟುವ ಹಕ್ಕಿಗಳು ಚಳಿಗಾಲ ಎಲ್ಲಿ ಕಳೆದವೆಂಬುದರ ಮೇಲೆ ಎರಡು ಬಳಗಗಳಾಗುತ್ತಿದ್ದವು. ನಾಲ್ಕು ವರ್ಷಗಳ ನಂತರ ಬಂದ ಇನ್ನೊಂದು ಅಧ್ಯಯನದ ಪ್ರಕಾರ ಬ್ರಿಟನ್ನಿಗೆ ಹೋಗುವ ಹಕ್ಕಿಗಳ ಕೊಕ್ಕು ಕೊಂಚ ಕಿರಿದು, ರೆಕ್ಕೆಯ ತುದಿ ಕೊಂಚ ದುಂಡು. ಆಲಿವ್ ಹಣ್ಣು ನುಂಗಲು ಅಗಲ ಕೊಕ್ಕು ಬೇಕು, ದೂರ ಹಾರಲು ಚೂಪು ರೆಕ್ಕೆ ಬೇಕು. ಎರಡರ ಅಗತ್ಯವೂ ಇವಕ್ಕೆ ಕಡಿಮೆಯಾಗಿತ್ತು. ಇವು ಬೇರೆ ಪ್ರಭೇದವಾಗಿವೆ ಎಂದೇನೂ ಅಲ್ಲ, ಎರಡರ ನಡುವೆ ಜೋಡಿಯಾಗುವುದು ನಿಂತಿಲ್ಲ.

2021ರಲ್ಲಿ ಪ್ರಕಟವಾದ ಕೆಲಸ ಇನ್ನೂ ಹತ್ತಿರದಿಂದ ನೋಡಿತು. ಬ್ರಿಟನ್ ಮತ್ತು ಐರ್ಲೆಂಡಿನ 59 ಕಡೆ 623 ಬ್ಲ್ಯಾಕ್‌ಕ್ಯಾಪ್‌ಗಳಿಗೆ ಗುರುತು ಕಟ್ಟಿ, ಕೆಲವಕ್ಕೆ ಹಗಲಿನ ಬೆಳಕನ್ನು ದಾಖಲಿಸುವ ಪುಟ್ಟ ಉಪಕರಣ ತೊಡಿಸಿದ್ದರು. ಸೂರ್ಯೋದಯ ಸೂರ್ಯಾಸ್ತಗಳ ವೇಳೆಯಿಂದ ಹಕ್ಕಿ ಎಲ್ಲಿತ್ತೆಂದು ಲೆಕ್ಕ ಹಾಕಬಹುದು. ಆದರೆ ಹಕ್ಕಿಯನ್ನು ಮತ್ತೆ ಹಿಡಿದರೆ ಮಾತ್ರ ಮಾಹಿತಿ ಕೈಗೆ ಬರುತ್ತದೆ. 25 ಉಪಕರಣಗಳಿಂದ ಪಯಣದ ದಾಖಲೆ ಸಿಕ್ಕಿತು. ಸ್ಪೇನಿನ ಕಡೆ ಚಳಿಗಾಲವಿಡೀ ಅಲೆಯುವ ಈ ಹಕ್ಕಿ ಬ್ರಿಟನ್ನಿನಲ್ಲಿ ಒಂದೇ ಹಿತ್ತಿಲಿಗೆ ಅಂಟಿಕೊಳ್ಳುತ್ತದೆ, ವರ್ಷ ಕಳೆದು ಮತ್ತೆ ಅದೇ ಹಿತ್ತಿಲಿಗೆ ಬರುತ್ತದೆ. ಹಿತ್ತಿಲಿಗೆ ಹೆಚ್ಚು ಬರುವ ವಯಸ್ಕ ಹಕ್ಕಿಗಳು ಗಟ್ಟಿಮುಟ್ಟಾಗಿದ್ದರೂ ಮೈಮೇಲೆ ಕೊಬ್ಬನ್ನು ಕಡಿಮೆ ಹೊರುತ್ತಿದ್ದವು. ನಾಳೆಯ ಊಟ ಖಚಿತವಿರುವವರು ಬುತ್ತಿ ಹೊತ್ತು ತಿರುಗುವುದಿಲ್ಲವಲ್ಲ. ವಿಪರೀತ ಚಳಿ ಬಿದ್ದ ದಿನಗಳಲ್ಲಿ ಭೇಟಿ ಹೆಚ್ಚು, ಉಳಿದಂತೆ ಕಾಡು ಹಣ್ಣನ್ನೂ ಅವು ಬಿಟ್ಟಿರಲಿಲ್ಲ.

ಎಲ್ಲ ಹಕ್ಕಿಗೂ ಈ ಹಿತ್ತಿಲು ಒಳಿತೇ ಮಾಡಿದೆ ಎನ್ನುವಂತಿಲ್ಲ. ಗ್ರೀನ್‌ಫಿಂಚ್ ಎಂಬ ಹಸಿರು ಹಕ್ಕಿಗೆ 2005ರ ಸುಮಾರಿಗೆ ಗಂಟಲಿನ ಪರೋಪಜೀವಿ ರೋಗವೊಂದು ತಗುಲಿತು. ಒಂದೇ ಬಟ್ಟಲಿನಲ್ಲಿ ಹತ್ತಾರು ಹಕ್ಕಿಗಳು ತಿನ್ನುವಾಗ ಎಂಜಲು ಬೆರೆತು ಅದು ಹರಡುತ್ತದೆ. 2009ರ ಹೊತ್ತಿಗೆ ಬ್ರಿಟನ್ನಿನ ಗ್ರೀನ್‌ಫಿಂಚ್‌ಗಳು ಸುಮಾರು 43 ಲಕ್ಷದಿಂದ 28 ಲಕ್ಷಕ್ಕೆ ಇಳಿದವು. 2021ರಲ್ಲಿ ಆ ಹಕ್ಕಿ ಅಪಾಯದಲ್ಲಿರುವ ಹಕ್ಕಿಗಳ ಅಲ್ಲಿನ ಕೆಂಪು ಪಟ್ಟಿ ಸೇರಿತು. ಕಾಳು ಹಾಕುವವರು ಕೊಳವೆ ಬಟ್ಟಲುಗಳನ್ನು ಆಗಾಗ ತೊಳೆದು ಒಣಗಿಸಲೇಬೇಕು, ಜಾಗ ಬದಲಿಸುತ್ತಿರಬೇಕು, ಕಾಯಿಲೆಯ ಹಕ್ಕಿ ಕಂಡರೆ ಕೆಲವು ವಾರ ಕಾಳು ಹಾಕುವುದನ್ನೇ ನಿಲ್ಲಿಸಬೇಕು. ಅಕ್ಕನಿಗೆ ಇದನ್ನು ನಾನು ಹೇಳಬೇಕಾಗಿರಲಿಲ್ಲ, ಅವಳ ಪಕ್ಕದ ಮನೆಯ ಅಜ್ಜಿಯೇ ಮೊದಲ ದಿನ ಕಲಿಸಿಕೊಟ್ಟಿದ್ದರು.

ಮಾರ್ಚ್ ಕೊನೆಯಲ್ಲಿ, ನಾನು ಊರಿಗೆ ಮರಳಿದ ಮೇಲೆ, ಅಕ್ಕ ಫೋನ್ ಮಾಡಿದಳು. ಎರಡು ದಿನದಿಂದ ಕಪ್ಪು ಟೋಪಿ ಬಂದಿಲ್ಲ ಎಂದಳು. ಮೊನ್ನೆ ಸಂಜೆ ಕತ್ತಲಾಗುವವರೆಗೂ ಉಂಡೆಯ ಮೇಲೆಯೇ ಕುಳಿತಿತ್ತಂತೆ. ಹೊರಡುವ ಕೊನೆಯ ಗಳಿಗೆಯವರೆಗೆ ಅವು ಹಿತ್ತಿಲು ಬಿಡುವುದಿಲ್ಲ ಎಂದೆ. ಅಷ್ಟು ಹೊತ್ತಿಗೆ ಅದು ಸಮುದ್ರ ದಾಟಿರಬಹುದು. ಅಕ್ಕ ಆಗಲೇ ಕೊಳವೆಯನ್ನು ಇಳಿಸಿ ಬಿಸಿನೀರಿನಲ್ಲಿ ನೆನೆಹಾಕಿದ್ದಳು.