ಕೆನ್ನೆಯೊಳಗೆ ಹತ್ತಿದ ಚೊಗರು

ಕೊಪ್ಪದ ನಮ್ಮ ಭಾವನಿಗೆ ಮೊದಲು ಕಷ್ಟವಾದದ್ದು ಅಕ್ಕಿರೊಟ್ಟಿ. ಚಟ್ನಿ ಹಚ್ಚಿ ಮಡಚಿದ ರೊಟ್ಟಿ ಬಾಯೊಳಗೆ ಹೋಗುತ್ತಿರಲಿಲ್ಲ. "ಖಾರ ಕಮ್ಮಿ ಹಾಕೇ, ಬಾಯೆಲ್ಲ ಉರೀತದೆ" ಎಂದು ಅಕ್ಕನಿಗೆ ಹೇಳಲು ಶುರುಮಾಡಿ ಆಗಲೇ ವರ್ಷವಾಗಿತ್ತು. ಕೊನೆಗೆ ಚಿಕ್ಕಮಗಳೂರಿನಲ್ಲಿ ಹಲ್ಲಿನ ಡಾಕ್ಟರ್ ಸ್ಕೇಲ್ ಇಟ್ಟು ಅಳೆದರು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ 22 ಮಿಲಿಮೀಟರ್. ದೊಡ್ಡವರ ಬಾಯಿ ಸಾಮಾನ್ಯವಾಗಿ 35ಕ್ಕಿಂತ ಜಾಸ್ತಿ ತೆರೆಯುತ್ತದೆ, ಮೂರು ಬೆರಳು ನೆಟ್ಟಗೆ ಹಿಡಿಸುತ್ತವೆ. ಬೇಕಾದರೆ ಈಗಲೇ ನೋಡಿಕೊಳ್ಳಿ.

ಕಾಯಿಲೆಯ ಹೆಸರು ಸಬ್‌ಮ್ಯೂಕಸ್ ಫೈಬ್ರೋಸಿಸ್. ಕೆನ್ನೆಯ ಒಳಪದರದ ಕೆಳಗೆ ನಾರು ಕಟ್ಟಿ ಬಿಗಿಯುವುದು. 1952ರಲ್ಲಿ ಷ್ವಾರ್ಟ್ಜ್ ಎಂಬ ವೈದ್ಯರು ಪೂರ್ವ ಆಫ್ರಿಕಾದಲ್ಲಿದ್ದ ಐವರು ಭಾರತೀಯ ಹೆಂಗಸರಲ್ಲಿ ಇದನ್ನು ಕಂಡು ಬರೆದರು. ಕಾರಣ ಅಡಿಕೆ. ಅಡಿಕೆ ತೋಟದ ಮನೆಯವನಾಗಿ ಇದನ್ನು ಬರೆಯುವುದು ನನಗೇನೂ ಖುಷಿಯ ಕೆಲಸವಲ್ಲ.

ಅಡಿಕೆ ಬೇಯಿಸುವ ಮನೆಯವರಿಗೆ ಚೊಗರು ಗೊತ್ತಿರುತ್ತದೆ. ಹಂಡೆಯಲ್ಲಿ ಉಳಿಯುವ ಆ ಕಡುಗೆಂಪು ನೀರು ಬೆರಳಿಗೆ ಹತ್ತಿದರೆ ಎಷ್ಟು ಉಜ್ಜಿದರೂ ಬಿಡುವುದಿಲ್ಲ. ಅದರಲ್ಲಿರುವುದು ಟ್ಯಾನಿನ್. ಚರ್ಮ ಹದ ಮಾಡುವವರು ಮರದ ತೊಗಟೆಯಿಂದ ತೆಗೆಯುವುದೂ ಇದೇ ಜಾತಿಯ ವಸ್ತು. ಚರ್ಮದಲ್ಲಿರುವ ಕೊಲ್ಯಾಜೆನ್ ಎಂಬ ನಾರಿಗೆ ಅದು ಅಂಟಿಕೊಂಡರೆ ನಾರು ಕೊಳೆಯುವುದಿಲ್ಲ, ಕರಗುವುದಿಲ್ಲ. ಚಪ್ಪಲಿಗೆ ಅದು ಒಳ್ಳೆಯದು, ಕೆನ್ನೆಗಲ್ಲ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ರಾಸಾಯನಿಕ ಇನ್ನೊಂದು ಕಡೆಯಿಂದ ಜೀವಕೋಶಗಳನ್ನು ಕೆರಳಿಸಿ ಹೊಸ ನಾರು ನೇಯಿಸುತ್ತದೆ. ಅಡಿಕೆಯಲ್ಲಿ ತಾಮ್ರದ ಅಂಶವೂ ಇದೆ. ಎಳೆಗೆ ಎಳೆ ಹೆಣೆದು ಗಂಟು ಹಾಕುವ ಕಿಣ್ವಕ್ಕೆ ಅದು ಬಲ ಕೊಡುತ್ತದೆ. ಹೀಗೆ ನಾರು ಹುಟ್ಟುತ್ತದೆ, ಗಂಟು ಬೀಳುತ್ತದೆ, ಸವೆಯಬೇಕಾದದ್ದು ಸವೆಯುವುದಿಲ್ಲ. ತಂಬಾಕು ಇಲ್ಲದಿದ್ದರೂ ಇಷ್ಟೆಲ್ಲ ಆಗುತ್ತದೆ. ಊಟ ಆದಮೇಲೆ ಒಂದು ಎಲೆ‑ಅಡಿಕೆ ಹಾಕುತ್ತಿದ್ದ ಅಜ್ಜನ ಕಥೆ ಬೇರೆ. ಭಾವ ದಿನಕ್ಕೆ ಹತ್ತು ಪೊಟ್ಟಣ ಒಣ ಅಡಿಕೆಪುಡಿಯನ್ನು ಕೆನ್ನೆಯಲ್ಲಿಟ್ಟುಕೊಂಡೇ ಜೀಪು ಓಡಿಸುತ್ತಿದ್ದರು.

ಈ ಕಾಯಿಲೆಗೆ ಕೆನ್ನೆಯೊಳಗೇ ಸೂಜಿಯಲ್ಲಿ ಮದ್ದು ಕೊಡುವುದುಂಟು. ಮಾತ್ರೆ ಸಾಲದೇ, ಕೆನ್ನೆಗೇ ಸೂಜಿ ಯಾಕೆ? ಮಾತ್ರೆ ಮೈಯೆಲ್ಲ ಸುತ್ತಿ ಬರುತ್ತದೆ. ಸ್ಟೀರಾಯ್ಡ್ ಮಾತ್ರೆಯಾದರೆ ಶುಗರ್, ಬಿಪಿ, ಮೂಳೆ ಎಲ್ಲಕ್ಕೂ ಕೈಹಾಕುತ್ತದೆ. ಮುಲಾಮು ಹಚ್ಚಿದರೆ ಎಂಜಲು ತೊಳೆದುಬಿಡುತ್ತದೆ. ಸೂಜಿಯಾದರೆ ಬೇಕಾದ ಜಾಗದಲ್ಲೇ ಮದ್ದು ಇಳಿಸಿ ಬರಬಹುದು. ಟ್ರೈಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಹಾಲಿನ ಹಾಗೆ ಬೆಳ್ಳಗಿರುತ್ತದೆ, ಬಾಟಲಿ ಅಲುಗಾಡಿಸಿಯೇ ಸಿರಿಂಜಿಗೆ ತೆಗೆಯಬೇಕು. ಅದರ ಸಣ್ಣ ಕಣಗಳು ಚುಚ್ಚಿದ ಜಾಗದಲ್ಲೇ ಕೂತು ನಿಧಾನ ಕರಗುತ್ತವೆ. ಉರಿಯೂತ ತಗ್ಗುತ್ತದೆ, ಹೊಸ ನಾರು ಕಟ್ಟುವುದೂ ಕಡಿಮೆಯಾಗುತ್ತದೆ.

ಇದರ ಜೊತೆಗೆ ಹಯಾಲುರೊನಿಡೇಸ್ ಎಂಬ ಕಿಣ್ವವನ್ನೂ ಕೊಡುವುದುಂಟು. ಕಣ್ಣಿನ ಆಪರೇಷನ್‌ನಲ್ಲಿ ಮರಗಟ್ಟಿಸುವ ಮದ್ದು ಚೆನ್ನಾಗಿ ಹರಡಲಿ ಎಂದು ಬೆರೆಸುವುದೂ ಇದನ್ನೇ. ನಾರುಗಳ ನಡುವೆ ಇರುವ ಲೋಳೆಯಂಥ ಗಾರೆಯನ್ನು ಅದು ಸಡಿಲಿಸುತ್ತದೆ. ಭಾವನಿಗೆ 1500 ಯೂನಿಟ್ಟಿನ ಪುಡಿಯನ್ನು ಮರಗಟ್ಟಿಸುವ ಮದ್ದಾದ ಲಿಗ್ನೋಕೇನ್‌ನಲ್ಲಿ ಕಲಸಿ, ವಾರಕ್ಕೊಮ್ಮೆ ಎರಡೂ ಕೆನ್ನೆಗೆ ಕೊಟ್ಟರು. ಮೂರನೇ ವಾರಕ್ಕೆ ಉರಿ ತಗ್ಗಿತು. "ಸಾಕು ಬಿಡೋ, ಸರಿಹೋಯ್ತು" ಅಂದರು ಭಾವ. ಉರಿ ಹೋದಷ್ಟು ಬೇಗ ಬಿಗಿತ ಹೋಗುವುದಿಲ್ಲ, ಅಲ್ವಾ? ಕಟ್ಟಿ ಗಟ್ಟಿಯಾದ ಹಳೇ ನಾರನ್ನು ಈ ಮದ್ದು ಕತ್ತರಿಸಿ ತೆಗೆಯುವುದಿಲ್ಲ. ಬಾಯಿ ತೀರಾ ಕಟ್ಟಿಕೊಂಡಿದ್ದರೆ ಕತ್ತಿಯ ಕೆಲಸವೇ ಬೇಕಾಗುತ್ತದೆ. ಇನ್ನು ಪೊಟ್ಟಣ ಬಿಡದೆ ಸೂಜಿ ಹಾಕಿಸಿಕೊಳ್ಳುವುದೆಂದರೆ ಸುಮ್ನೆ ಚುಚ್ಚಿಸಿಕೊಂಡ ಹಾಗೆ. ಜಾಸ್ತಿ ಸಲ ಚುಚ್ಚಿದರೆ ಆ ಗಾಯವೇ ಮತ್ತೆ ನಾರು ಕಟ್ಟಬಹುದು.

ಸೂಜಿ ಅಡಿಕೆಯ ಕಾಯಿಲೆಗೆ ಮಾತ್ರವಲ್ಲ. ಕೆನ್ನೆಯಲ್ಲಿ ಬಿಳಿ ಬಲೆಯಂಥ ಗೆರೆ ಮೂಡಿಸುವ ಲೈಕೆನ್ ಪ್ಲೇನಸ್ ಎಂಬುದೊಂದಿದೆ. ಅಲ್ಲಿ ನಮ್ಮದೇ ರಕ್ಷಣಾ ಕೋಶಗಳು ಒಳಪದರದ ಮೇಲೆ ಬೀಳುತ್ತವೆ. ಅದು ಹುಣ್ಣಾಗಿ ಮುಲಾಮಿಗೆ ಬಗ್ಗದಿದ್ದಾಗ, ಹುಣ್ಣಿನ ಅಂಚಿಗೆ ಅದೇ ಬಿಳಿ ಮದ್ದನ್ನು ಕೊಡುತ್ತಾರೆ. ಇಲ್ಲಿ ಕೆಲಸ ಚೆನ್ನಾಗಿಯೇ ಆಗುತ್ತದೆ, ಆದರೆ ಕಾಯಿಲೆ ಮರಳಿ ಬರುವುದುಂಟು. ಕೆಲವರಿಗೆ ಬಾಯಲ್ಲಿ ಬೂಸ್ಟಿನ ಬಿಳಿ ಪದರ ಕಟ್ಟುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಶುಗರ್ ಏರಬಹುದು, ಮೊದಲೇ ಹೇಳಿಬಿಡಬೇಕು.

ಎರಡು ಮೂರು ವಾರವಾದರೂ ಮಾಯದ ಹುಣ್ಣು, ಗಟ್ಟಿ ಗಂಟು, ಕೆಂಪು ಮಚ್ಚೆ ಇದ್ದರೆ ಸೂಜಿ ಆಮೇಲೆ. ಮೊದಲು ಚೂರು ತೆಗೆದು ಬಯಾಪ್ಸಿ ಮಾಡಿಸಬೇಕು. ಈ ಎರಡೂ ಕಾಯಿಲೆ ಕೆಲವರಲ್ಲಿ ಕ್ಯಾನ್ಸರ್‌ಗೆ ತಿರುಗುತ್ತವೆ, ಫೈಬ್ರೋಸಿಸ್‌ನಲ್ಲಿ ಆ ಭಯ ಜಾಸ್ತಿ. ಬಾಯಿ ಸ್ವಲ್ಪ ತೆರೆದ ಮಾತ್ರಕ್ಕೆ ಅದು ತಪ್ಪುವುದಿಲ್ಲ, ಹಾಗಾಗಿ ಆಗಾಗ ತೋರಿಸುತ್ತಲೇ ಇರಬೇಕು.

ಈಗ ಭಾವನ ಜೇಬಿನಲ್ಲಿ ಪೊಟ್ಟಣದ ಜಾಗಕ್ಕೆ ಲವಂಗ ಬಂದಿದೆ. ಡಾಕ್ಟರ್ ಹೇಳಿಕೊಟ್ಟ ಹಾಗೆ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ, ಹಲ್ಲಿನ ನಡುವೆ ಇಟ್ಟುಕೊಂಡು ಬಾಯಿ ಹಿಗ್ಗಿಸುತ್ತಾರೆ. ಒಂದು ಕಡ್ಡಿ ಸುಮಾರು 2 ಮಿಲಿಮೀಟರ್ ದಪ್ಪ. ಹನ್ನೊಂದರಿಂದ ಶುರುವಾದದ್ದು ಹದಿನಾಲ್ಕಕ್ಕೆ ಬಂದು ಎರಡು ತಿಂಗಳಾಯಿತು. ಹದಿನೈದನೆಯದು ಇನ್ನೂ ಹೋಗುತ್ತಿಲ್ಲ.